ನಲ್ವತ್ತರ ಗೆರೆ

ಕೇಂದ್ರ ಸರಕಾರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಂದಿನಿಂದ ಸಂಬಳ, ಗ್ರಾಚ್ಯುಯಿಟಿ, ಕೆಲಸದ ವೇಳೆ ಇತ್ಯಾದಿಗಳ ಕುರಿತು ಚರ್ಚೆ ಸಾಕಷ್ಟು ನಡೆದಿದೆ. ಆ ಗದ್ದಲದಲ್ಲಿ ಒಂದು ಅಂಶವು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿರುವ ನಮ್ಮವರ ಹೋಟೆಲುಗಳ ಅಡಿಗೆಮನೆಗಳನ್ನು ಇನ್ನೂ ತಲುಪಿದಂತೆ ಕಾಣುವುದಿಲ್ಲ. ನಲ್ವತ್ತು ವರ್ಷ ಮೀರಿದ ಕಾರ್ಮಿಕರಿಗೆ ಮಾಲಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸತಕ್ಕದ್ದು ಎಂಬುದೇ ಆ ಅಂಶ. ಇದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಪಾಸಣೆಯಲ್ಲಿ ದೊರೆತ ಅಂಕೆಗಳಿಂದ ಏನನ್ನು ತಿಳಿಯಬೇಕು, ಗೆರೆಯನ್ನು ನಲ್ವತ್ತರಲ್ಲೇ ಏಕೆ ಎಳೆಯಬೇಕು ಎಂಬ ಪ್ರಶ್ನೆಗಳನ್ನು ಈಗಲೇ ಕೇಳಿಕೊಳ್ಳದಿದ್ದರೆ ಈ ತಪಾಸಣೆಯೂ ಇನ್ನೊಂದು ಕಾಗದದ ಚೀಟಿಯಾಗಿ ಮುಗಿದೀತು. ವಿಶೇಷವಾಗಿ ಹೃದಯದ ವಿಷಯದಲ್ಲಿ.

ಚೀಟಿಯ ಮಾತನ್ನು ನಾವು ಅನುಭವದಿಂದಲೇ ಆಡುತ್ತಿದ್ದೇವೆ. ಈ ಪತ್ರಿಕೆಯ ಮೇಜಿಗೆ ಬರುವ ಮುನ್ನ ನಾವು ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಹೋಟೆಲು ನಡೆಸಿದವರೆಂಬುದು ಹಳೆಯ ವಾಚಕರಿಗೆ ತಿಳಿದಿದೆ. ಒಮ್ಮೆ ಹತ್ತಿರದ ಸಭಾಗೃಹವೊಂದರಲ್ಲಿ ಉಚಿತ ಆರೋಗ್ಯ ಶಿಬಿರವಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಮ್ಮ ಕೆಲಸದವರನ್ನೆಲ್ಲ ಕಳುಹಿಸಿದೆವು. ಕುಂದಾಪುರದ ಕಡೆಯವರಾದ ನಮ್ಮ ಭಟ್ಟರು, ವಯಸ್ಸು ಮೂವತ್ತೆಂಟು, ಒಂದು ಚೀಟಿ ತಂದರು: ರಕ್ತದೊತ್ತಡ 152/98, ಇ.ಸಿ.ಜಿ. ನಾರ್ಮಲ್. ಕೊನೆಯ ಶಬ್ದವೊಂದನ್ನೇ ಎಲ್ಲರೂ ಓದಿದರು, ನಾವೂ ಅದನ್ನೇ ಓದಿದೆವು. ಚೀಟಿಯನ್ನು ಗಲ್ಲೆಯ ಪಕ್ಕದ ಮೊಳೆಗೆ, ಹಾಲಿನವನ ಬಿಲ್ಲುಗಳೊಡನೆ ಸಿಕ್ಕಿಸಿದೆವು. ಎಂಟು ತಿಂಗಳ ಬಳಿಕ ಒಂದು ಬೆಳಗಿನ ಜಾವ ಇಡ್ಲಿಯ ಪಾತ್ರೆಯನ್ನು ಇಳಿಸುತ್ತಿದ್ದವರು ಎದೆಯಲ್ಲಿ ವಾಯು ತುಂಬಿದೆಯೆಂದು ಕುಳಿತರು. ಲಿಂಬೆ ಸೋಡಾ ಮಾಡಿ ಕೊಟ್ಟೆವು. ರಿಕ್ಷಾ ಆಸ್ಪತ್ರೆಯ ಬಾಗಿಲು ಮುಟ್ಟುವಾಗ ಜೀವವಿರಲಿಲ್ಲ. ಚೀಟಿಯು ಮೊಳೆಯಲ್ಲೇ ಇತ್ತು.

ಇ.ಸಿ.ಜಿ.ಯು ಸುಳ್ಳು ಹೇಳಿರಲಿಲ್ಲ. ಆ ಘಳಿಗೆಯಲ್ಲಿ ಹೃದಯದ ವಿದ್ಯುತ್ ಚಲನೆ ಹೇಗಿದೆಯೆಂಬುದನ್ನು ಅದು ಹೇಳುತ್ತದೆ. ಮುಂದಿನ ವರ್ಷಗಳಲ್ಲಿ ರಕ್ತನಾಳ ಮುಚ್ಚಿಕೊಂಡೀತೇ ಎಂಬುದನ್ನು ಹೇಳುವುದು ಅದರ ಕೆಲಸವಲ್ಲ. ಆ ಕೆಲಸಕ್ಕೆ ವೈದ್ಯಶಾಸ್ತ್ರವು ಬೇರೆಯೇ ಲೆಕ್ಕವನ್ನು ಕಟ್ಟಿದೆ. ವಯಸ್ಸು, ಗಂಡೋ ಹೆಣ್ಣೋ, ರಕ್ತದೊತ್ತಡ, ಬೀಡಿ-ಸಿಗರೇಟು, ಕೊಲೆಸ್ಟೆರಾಲ್, ಮಧುಮೇಹ ಇವುಗಳನ್ನು ಕೂಡಿಸಿ, ಇಂಥವರಿಗೆ ಹತ್ತು ವರ್ಷದೊಳಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಸಂಭವ ಶೇಕಡಾ ಇಷ್ಟು ಎಂದು ಆ ಲೆಕ್ಕವು ತೋರಿಸುತ್ತದೆ. ನಾವು ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವರು. ಆದರೆ ಗಲ್ಲೆಯಲ್ಲಿ ಕುಳಿತವನಿಗೆ ಶೇಕಡಾ ಲೆಕ್ಕವನ್ನು ಯಾರೂ ಕಲಿಸಬೇಕಾದುದಿಲ್ಲ. ಶೇಕಡಾ ಹತ್ತು ಎಂದರೆ ನಿಮ್ಮಂಥ ನೂರು ಮಂದಿಯಲ್ಲಿ ಹತ್ತು ಮಂದಿಗೆ. ಆ ಹತ್ತು ಮಂದಿ ಯಾರು ಯಾರೆಂದು ಯಾವ ಲೆಕ್ಕವೂ ಬೆರಳಿಟ್ಟು ತೋರಿಸಲಾರದು. ಇನ್ನು ‘ನಿಮ್ಮಂಥ’ ಎಂಬ ಶಬ್ದವಿದೆಯಲ್ಲ, ಎಲ್ಲ ತೊಡಕೂ ಅಲ್ಲಿಯೇ ಇದೆ. ಯಾರಂಥ?

ಈ ಲೆಕ್ಕಗಳ ಮೂಲಪುರುಷ ಅಮೆರಿಕದ್ದು. ಅಧ್ಯಕ್ಷ ರೂಸ್‌ವೆಲ್ಟರು 1945ರ ಏಪ್ರಿಲಿನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವರ್ಷಗಳಿಂದ ಏರುತ್ತಲೇ ಇದ್ದ ಅವರ ರಕ್ತದೊತ್ತಡವು ವಯಸ್ಸಿಗೆ ಸಹಜವೆಂದೇ ಅಂದಿನ ವೈದ್ಯರು ಬಗೆದಿದ್ದರು. ರಾಷ್ಟ್ರದ ಅಧ್ಯಕ್ಷನ ವಿಷಯದಲ್ಲೇ ಇಷ್ಟು ಅಜ್ಞಾನವಿದ್ದ ಕಾಲವದು. 1948ರಲ್ಲಿ ಬೋಸ್ಟನ್ ನಗರದ ಸಮೀಪದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಮಂದಿ ಸ್ತ್ರೀಪುರುಷರನ್ನು ಆರಿಸಿ, ಅವರ ಆರೋಗ್ಯವನ್ನು ವರ್ಷಗಟ್ಟಲೆ ಬೆನ್ನಟ್ಟಿ ಬರೆದಿಡಲು ಪ್ರಾರಂಭಿಸಿದರು. ಯಾರಿಗೆ ಹೃದಯಾಘಾತವಾಯಿತು, ಆಗುವ ಮುನ್ನ ಅವರ ಅಂಕೆಗಳೇನಿದ್ದವು ಎಂಬ ಈ ದಫ್ತರದಿಂದಲೇ ‘ಅಪಾಯದ ಅಂಶ’ ಎಂಬ ಮಾತು 1961ರಲ್ಲಿ ವೈದ್ಯರ ಬಳಕೆಗೆ ಬಂದಿತು. 1998ರ ಮತ್ತು 2008ರ ಪ್ರಸಿದ್ಧ ಸೂತ್ರಗಳೂ ಅದರಿಂದಲೇ ಹುಟ್ಟಿದವು. ಇದು ಮಹತ್ತಾದ ಕೆಲಸ. ಆದರೆ ಆ ಊರಿನವರು ಬಹುತೇಕ ಬಿಳಿಯ ಜನ. ಅವರ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೃದಯದ ಉದ್ರಿಯನ್ನು ಬರೆದರೆ ಅದು ತಾಳೆಯಾದೀತೆಂದು ನಂಬಲು ಆಧಾರವೇನು?

ಬ್ರಿಟಿಷರು ಈ ತೊಡಕನ್ನು ಕಂಡುಕೊಂಡರು. ಲಂಡನ್, ಲೆಸ್ಟರ್‌ಗಳಲ್ಲಿ ನೆಲೆಸಿದ ಭಾರತೀಯ, ಪಾಕಿಸ್ತಾನೀ, ಬಾಂಗ್ಲಾದೇಶೀಯರಿಗೆ ಹೃದ್ರೋಗ ಹೆಚ್ಚೆಂಬುದು ಅವರಿಗೆ ಆಸ್ಪತ್ರೆಗಳಲ್ಲೇ ಕಾಣುತ್ತಿತ್ತು. 2008ರಲ್ಲಿ ಹೊರಟ ಕ್ಯುರಿಸ್ಕ್-2 ಎಂಬ ಅವರ ಲೆಕ್ಕದಲ್ಲಿ ಈ ಮೂವರಿಗೂ ಬೇರೆ ಬೇರೆ ಕಲಮುಗಳಿವೆ. 2017ರ ಮೂರನೆಯ ಆವೃತ್ತಿಯು ಇಪ್ಪತ್ತೈದನೆಯ ವಯಸ್ಸಿನಿಂದಲೇ ಎಣಿಸುತ್ತದೆ. ಮೂತ್ರಪಿಂಡದ ರೋಗ, ತಂದೆತಾಯಿಯರ ಚರಿತ್ರೆ, ಕೊನೆಗೆ ವಾಸದ ಬಡಾವಣೆಯ ಬಡತನವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬಡತನವು ಹೃದಯಕ್ಕೆ ತಗಲುವುದೆಂಬುದನ್ನು ಅಂಕಗಣಿತದಲ್ಲಿ ಒಪ್ಪಿಕೊಂಡುದಕ್ಕಾಗಿ ಅದನ್ನು ಮೆಚ್ಚಬೇಕು. ಆದರೆ ಅದು ಕೇಳುವುದು ಬ್ರಿಟನ್ನಿನ ಅಂಚೆ ಸಂಕೇತವನ್ನು. ಡೊಂಬಿವಲಿಯ ಪಿನ್‌ಕೋಡು ಅದಕ್ಕೆ ಅರ್ಥವಾಗದು.

ಅಮೆರಿಕದವರ 2013ರ ಸೂತ್ರದಲ್ಲಿ ಬಿಳಿಯರು ಮತ್ತು ಕರಿಯರು ಮಾತ್ರವೇ ಇದ್ದರು, ನಾವಿರಲಿಲ್ಲ. 2023ರಲ್ಲಿ ಅಲ್ಲಿಯ ಹಾರ್ಟ್ ಅಸೋಸಿಯೇಶನ್ ಪ್ರಕಟಿಸಿದ ಪ್ರಿವೆಂಟ್ ಎಂಬ ಹೊಸ ಲೆಕ್ಕದಿಂದ ಜನಾಂಗದ ಕಲಮನ್ನೇ ತೆಗೆದುಹಾಕಿ ಮೂತ್ರಪಿಂಡದ ಶಕ್ತಿಯನ್ನು ಸೇರಿಸಿದರು. ಅದರ ಇನ್ನೊಂದು ಗುಣವನ್ನು ಮುಂದೆ ಹೇಳುವೆವು.

ನಮ್ಮ ಪಾಲಿಗೆ ಹತ್ತಿರವಾದುದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ. 2007ರ ಹಳೆಯ ಪಟ್ಟಿಯನ್ನು ತಿದ್ದಿ, ಲೋಕವನ್ನು 21 ಪ್ರದೇಶಗಳಾಗಿ ವಿಭಾಗಿಸಿ, 2019ರಲ್ಲಿ ಹೊಸದನ್ನು ಪ್ರಕಟಿಸಿದರು. ದಕ್ಷಿಣ ಏಷ್ಯಕ್ಕೆ ಪ್ರತ್ಯೇಕ ಹಾಳೆಯಿದೆ. ಅದರಲ್ಲೂ ಎರಡು ಬಗೆ. ಒಂದಕ್ಕೆ ರಕ್ತಪರೀಕ್ಷೆ ಬೇಕು: ಕೊಲೆಸ್ಟೆರಾಲ್ ಮತ್ತು ಮಧುಮೇಹ. ಇನ್ನೊಂದಕ್ಕೆ ರಕ್ತದ ಹನಿಯೂ ಬೇಡ. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡದ ಮೇಲಿನ ಅಂಕೆ, ಮತ್ತು ಎತ್ತರಕ್ಕೆ ತಕ್ಕ ತೂಕ ಇಷ್ಟೇ ಸಾಕು. ಚೌಕುಳಿಯಂತಿರುವ ಹಾಳೆಯಲ್ಲಿ ಬೆರಳಾಡಿಸಿ ತನ್ನ ಮನೆಯನ್ನು ಹುಡುಕಬೇಕು. ಶೇಕಡಾ 5ಕ್ಕಿಂತ ಕಡಿಮೆಯಾದರೆ ಹಸಿರು, 10ರೊಳಗೆ ಹಳದಿ, 20ರೊಳಗೆ ಕಿತ್ತಳೆ, 20 ದಾಟಿದರೆ ಕೆಂಪು, 30 ದಾಟಿದರೆ ಕಡುಗೆಂಪು. ಇಂಗ್ಲಿಷು ಬಾರದ ಮಾಣಿಗೂ ಸಿಗ್ನಲ್ಲಿನ ಬಣ್ಣ ಅರ್ಥವಾಗುತ್ತದೆ. ಇದಕ್ಕೆ ಬೇಕಾದ ಸಲಕರಣೆ ತೂಕದ ಯಂತ್ರ, ಅಳತೆಯ ಪಟ್ಟಿ, ರಕ್ತದೊತ್ತಡದ ಯಂತ್ರ ಮಾತ್ರ. ಒಂದು ಒಳ್ಳೆಯ ಮಿಕ್ಸರಿನ ಬೆಲೆ ಅದಕ್ಕೆ ಬೀಳದು. ಆದರೆ ರಕ್ತಪರೀಕ್ಷೆಯಿಲ್ಲದ ಪಟ್ಟಿಯು ಸಕ್ಕರೆ ಕಾಯಿಲೆಯವರನ್ನು ಕಡಿಮೆ ಅಂದಾಜಿಸುತ್ತದೆಂಬ ದೋಷವುಂಟು. ಆದುದರಿಂದ ಮಧುಮೇಹವಿದ್ದವರು ಇದರ ಹಸಿರನ್ನು ನಂಬತಕ್ಕದ್ದಲ್ಲ. ಈಗಾಗಲೇ ಒಮ್ಮೆ ಹೃದಯಾಘಾತ ಆದವರಿಗಂತೂ ಈ ಯಾವ ಲೆಕ್ಕವೂ ಬೇಡ, ಚಿಕಿತ್ಸೆಯೇ ಬೇಕು.

ಹಾಗಾದರೆ ಇವುಗಳಲ್ಲಿ ನಮ್ಮವರಿಗೆ ಸರಿಯಾದುದಾವುದು? ಲಖ್ನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಹೃದ್ರೋಗ ತಜ್ಞರು ಹೃದಯಾಘಾತವಾಗಿ ಬಂದ 1,110 ರೋಗಿಗಳನ್ನು ತೆಗೆದುಕೊಂಡು, ಆಘಾತದ ಮುಂಚೆ ಇವರನ್ನು ಎಣಿಸಿದ್ದರೆ ಯಾವ ಲೆಕ್ಕವು ಎಷ್ಟು ಮಂದಿಯನ್ನು ‘ಹೆಚ್ಚಿನ ಅಪಾಯ’ದವರೆಂದು ಹೇಳುತ್ತಿತ್ತೆಂದು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಶೇಕಡಾ 20ನ್ನು ಗೆರೆಯಾಗಿ ಹಿಡಿದರೆ ಫ್ರೇಮಿಂಗ್‌ಹ್ಯಾಮಿನ ಸೂತ್ರವು 51.9 ಪ್ರತಿಶತ ಮಂದಿಯನ್ನು ಗುರುತಿಸಿತು. ಅಮೆರಿಕದ 2013ರ ಸೂತ್ರ 28.3. ಆಗ ಬಳಕೆಯಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಬರೇ 16.2. ಬ್ರಿಟಿಷ್ ಲೆಕ್ಕಗಳು ನಡುವೆ ನಿಂತವು. ಇದಕ್ಕೆ ಮೂರು ವರ್ಷ ಮೊದಲು ದಿಲ್ಲಿಯ ಸಮೀಪದಲ್ಲಿ 149 ರೋಗಿಗಳ ಮೇಲೆ ನಡೆದ ಇಂಥದೇ ಪರಿಶೀಲನೆಯಲ್ಲಿ ಜೆ.ಬಿ.ಎಸ್.-3 ಎಂಬ ಬ್ರಿಟಿಷ್ ಲೆಕ್ಕವು ಮುಂದಿತ್ತು. ಎಂದರೆ, ಗೆದ್ದ ಕುದುರೆಯೂ ಒಂದೇ ಅಲ್ಲ. ಲಖ್ನೌದಲ್ಲಿ ಗೆದ್ದ ಕುದುರೆಯೂ ಅರ್ಧ ದಾರಿಯಷ್ಟೇ ಓಡಿತು.

ಆದರೆ ಇಲ್ಲಿ ವಾಚಕರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಬರುವ ಗಿರಾಕಿಗಳೆಲ್ಲರೂ ಬಿಲ್ಲು ಕೊಡದೆ ಓಡುವವರೇ ಎಂದು ಭಾವಿಸುವ ಗಲ್ಲೆಯವನೊಬ್ಬನಿದ್ದರೆ, ಓಡಿಹೋದವರೆಲ್ಲರೂ ಅವನ ಪಟ್ಟಿಯಲ್ಲಿ ಇದ್ದೇ ಇರುತ್ತಾರೆ. ಅಷ್ಟರಿಂದಲೇ ಅವನು ಜಾಣನಾಗುವುದಿಲ್ಲ. ರೋಗಿಗಳಾದವರನ್ನಷ್ಟೇ ಹಿಡಿದು ಮಾಡಿದ ಪರಿಶೀಲನೆಯು, ಆರೋಗ್ಯವಂತರನ್ನು ಎಷ್ಟು ಮಂದಿಯನ್ನು ಸುಮ್ಮಸುಮ್ಮನೆ ಹೆದರಿಸಿ ಮಾತ್ರೆ ನುಂಗಿಸುತ್ತಿತ್ತೆಂಬುದನ್ನು ತಿಳಿಸುವುದಿಲ್ಲ. ಗೆರೆಯೂ ಹಾಗೆಯೇ. ಬ್ರಿಟನ್ನಿನಲ್ಲಿ 2014ರಿಂದ ಶೇಕಡಾ 10ಕ್ಕೇ ಕೊಲೆಸ್ಟೆರಾಲ್ ಇಳಿಸುವ ಮಾತ್ರೆಯ ಮಾತನ್ನು ಎತ್ತುತ್ತಾರೆ. 20ರ ಗೆರೆಯನ್ನು 10ಕ್ಕೆ ಇಳಿಸಿದರೆ ಎಲ್ಲ ಲೆಕ್ಕಗಳೂ ಹೆಚ್ಚು ಮಂದಿಯನ್ನು ಹಿಡಿಯುತ್ತವೆ. ಯಾವ ಪಟ್ಟಿ ಎಂಬುದರಷ್ಟೇ ಯಾವ ಗೆರೆ ಎಂಬುದೂ ಮುಖ್ಯ. ವೈದ್ಯರು ನಿಮಗೆ ‘ಅಪಾಯವಿಲ್ಲ’ ಎಂದರೆ, ಯಾವ ಪಟ್ಟಿಯಲ್ಲಿ, ಶೇಕಡಾ ಎಷ್ಟು ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನಿಲ್ಲ.

ಈಗ ನಲ್ವತ್ತರ ಮಾತಿಗೆ ಬರೋಣ. ಈ ಎಲ್ಲ ಹತ್ತು ವರ್ಷದ ಲೆಕ್ಕಗಳಲ್ಲಿ ಅತಿ ಭಾರವಾದ ಕಲ್ಲು ವಯಸ್ಸೇ. ನಲ್ವತ್ತೆರಡರ ಗಂಡಸು ಬೀಡಿ ಸೇದಲಿ, ಒತ್ತಡ 150 ಇರಲಿ, ವಿಶ್ವ ಆರೋಗ್ಯ ಸಂಸ್ಥೆಯ ಹಾಳೆಯಲ್ಲಿ ಅವನು ಕೆಂಪನ್ನು ಮುಟ್ಟುವುದೇ ಅಪರೂಪ. ನಲ್ವತ್ತರ ಕೆಳಗಿನವನಿಗೆ ಆ ಹಾಳೆಯಲ್ಲಿ ಮನೆಯೇ ಇಲ್ಲ. (ನಮ್ಮ ತಲೆಮಾರಿನ ಎಷ್ಟೋ ಮಂದಿ ಶಾಲೆಯ ಮಾಸ್ತರರ ಕೃಪೆಯಿಂದ ಜೂನ್ 1ರಂದೇ ಹುಟ್ಟಿದವರು. ನಿಜವಾದ ವಯಸ್ಸು ಒಂದೆರಡು ವರ್ಷ ಆಚೀಚೆ ಇರುವ ಇಂಥವರ ಪಾಲಿಗೆ ಈ ಭಾರವಾದ ಕಲ್ಲೇ ಅಲುಗಾಡುತ್ತದೆ.) ಇತ್ತ, 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಹೇಳುವುದೇನು? ಇದರ ಮುಂದಾಳಾದ ಡಾ. ಸಲೀಂ ಯೂಸುಫರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಇದೇ ಅಧ್ಯಯನದ ದಕ್ಷಿಣ ಏಷ್ಯದ ಭಾಗವು 2007ರಲ್ಲಿ ಬೇರೆಯಾಗಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮಲ್ಲಿ 53, ಇತರ ದೇಶಗಳಲ್ಲಿ 58.8. ನಲ್ವತ್ತು ಅಥವಾ ಅದಕ್ಕೂ ಕೆಳಗಿನ ಪ್ರಾಯದಲ್ಲಿ ಆಘಾತವಾದವರು ನಮ್ಮಲ್ಲಿ ಶೇಕಡಾ 8.9, ಇತರರಲ್ಲಿ 4.4. ರೋಗಕ್ಕೆ ಕಾರಣಗಳು ಬೇರೆಯಲ್ಲ, ಅವೇ ಬೀಡಿ, ಒತ್ತಡ, ಸಕ್ಕರೆ, ಕೊಬ್ಬು, ಹೊಟ್ಟೆ. ಅವು ನಮ್ಮನ್ನು ಐದಾರು ವರ್ಷ ಮೊದಲೇ ಹಿಡಿಯುತ್ತವೆ, ಅಷ್ಟೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ನಲ್ವತ್ತರೊಳಗಿನ ಹೃದ್ರೋಗಿಗಳಿಗೆಂದೇ 2017ರಿಂದ ಪ್ರತ್ಯೇಕ ದಾಖಲೆಯನ್ನು ಇಡಬೇಕಾಗಿ ಬಂದುದು ಇದರಿಂದಲೇ. 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದರಂತೆ ಬಂದ ಹಠಾತ್ ಮರಣಗಳ ವಾರ್ತೆ ನಮ್ಮ ವಾಚಕರನ್ನೂ ನಡುಗಿಸಿತ್ತು. ಜಯದೇವದ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥರ ಸಮಿತಿಯು 24 ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವೆಂದು ಜುಲೈಯಲ್ಲಿ ವರದಿಯಿತ್ತಿತು. ಕೋವಿಡ್ ಲಸಿಕೆಯ ಮೇಲೆ ಹೊರಿಸಿದ್ದ ಗುಮಾನಿಗೆ ಆಧಾರ ದೊರೆಯಲಿಲ್ಲ. ದೊರೆತವರು ಹಳೆಯ ಪರಿಚಿತ ಶತ್ರುಗಳೇ. ಸತ್ತವರಲ್ಲಿ ಆಟೋ, ಕ್ಯಾಬು ಓಡಿಸುವವರು ಹಲವರಿದ್ದರೆಂಬುದು ಗಮನಾರ್ಹ. ಹೊತ್ತುಗೊತ್ತಿಲ್ಲದ ಊಟ, ನಿದ್ದೆಗೆಟ್ಟ ರಾತ್ರಿ, ಬೀಡಿಯೊಂದೇ ವಿಶ್ರಾಂತಿ: ಇದು ಚಾಲಕರ ಬಾಳೂ ಹೌದು, ರಾತ್ರಿ ಹನ್ನೆರಡಕ್ಕೆ ಬಾಗಿಲೆಳೆದು ನಾಲ್ಕೂವರೆಗೆ ಒಲೆ ಹಚ್ಚುವ ನಮ್ಮವರ ಬಾಳೂ ಹೌದು. ಕಲ್ಯಾಣದಿಂದ ಫೋರ್ಟಿಗೆ ಎರಡು ಹೊತ್ತೂ ನೇತಾಡಿಕೊಂಡು ಹೋಗಿ, ನಡುವಣ ಎಂಟು ಗಂಟೆ ಕುರ್ಚಿಯಿಂದ ಏಳದ ಗುಮಾಸ್ತರ ಬಾಳು ಇದಕ್ಕಿಂತ ಬಹಳ ಬೇರೆಯೆಂದು ನಮಗೆ ತೋರುವುದಿಲ್ಲ.

ಆಘಾತವಾದ ಮೇಲೆ ಏನಾಗುತ್ತದೆಂಬುದನ್ನೂ ಸೇಂಟ್ ಜಾನ್ಸಿನವರೇ ಎಣಿಸಿಟ್ಟಿದ್ದಾರೆ. ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರ ಕೂಡಿಸಿ 2008ರಲ್ಲಿ ಅವರು ಪ್ರಕಟಿಸಿದ ಕ್ರಿಯೇಟ್ ದಾಖಲೆಯಂತೆ, ನೋವು ಹುಟ್ಟಿದಲ್ಲಿಂದ ಆಸ್ಪತ್ರೆ ಸೇರುವುದಕ್ಕೆ ತಗಲಿದ ಮಧ್ಯಮ ಕಾಲ 360 ನಿಮಿಷ, ಅಂದರೆ ಆರು ತಾಸು. ಮೂವತ್ತು ದಿನದೊಳಗೆ ಸತ್ತವರು ಶ್ರೀಮಂತರಲ್ಲಿ ಶೇಕಡಾ 5.5, ಬಡವರಲ್ಲಿ 8.2. ಹೃದಯವೊಂದೇ ಆದರೂ ಅದನ್ನು ಹೊತ್ತವನ ಜೇಬು ಬೇರೆ. ಮೊದಲೇ ಎಣಿಸಿಕೊಳ್ಳುವುದರ ಅವಶ್ಯಕತೆ ನಮ್ಮ ವಾಚಕವರ್ಗಕ್ಕೆ ಇತರರಿಗಿಂತ ಹೆಚ್ಚಾಗಿರುವುದು ಈ ಕಾರಣದಿಂದ.

ಪ್ರಾಯದವರಿಗೆ ಬೇರೆ ಕನ್ನಡಕ ಬೇಕೆಂಬುದನ್ನು ಶಾಸ್ತ್ರಜ್ಞರೂ ಈಗ ಒಪ್ಪುತ್ತಾರೆ. ಮೇಲೆ ಹೇಳಿದ ಅಮೆರಿಕದ ಪ್ರಿವೆಂಟ್ ಲೆಕ್ಕವು ಮೂವತ್ತರಿಂದಲೇ ಪ್ರಾರಂಭವಾಗಿ, 59ರ ವರೆಗಿನವರಿಗೆ ಮೂವತ್ತು ವರ್ಷದ ಅಪಾಯವನ್ನೂ ತೋರಿಸುತ್ತದೆ. ಜೆ.ಬಿ.ಎಸ್.-3 ‘ಹೃದಯದ ವಯಸ್ಸು’ ಎಂಬುದನ್ನು ಹೇಳುತ್ತದೆ: ನಿಮಗೆ 38, ನಿಮ್ಮ ಹೃದಯಕ್ಕೆ 50 ಎಂಬಂತೆ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಸಲಹೆಯಂತೆ ಕೊಲೆಸ್ಟೆರಾಲಿನ ಮೊದಲ ಪರೀಕ್ಷೆ ಹದಿನೆಂಟನೆಯ ವಯಸ್ಸಿಗೇ ಆಗತಕ್ಕದ್ದು.

ಇವೆಲ್ಲಕ್ಕಿಂತ ಸರಳವಾದೊಂದು ಲೆಕ್ಕ ನಮ್ಮ ಸರಕಾರದ ಬಳಿಯಲ್ಲೇ ಇದೆ. ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಸಿ-ಬ್ಯಾಕ್ ಎಂಬ ನಮೂನೆಯದು. ಇದು ಶೇಕಡಾ ಹೇಳುವುದಿಲ್ಲ. ಯಾರನ್ನು ಮೊದಲು ತಪಾಸಿಸಬೇಕೆಂಬುದನ್ನಷ್ಟೇ ಹೇಳುತ್ತದೆ. ವಯಸ್ಸು 30ರಿಂದ 39 ಆದರೆ 1 ಅಂಕ, 40ರಿಂದ 49ಕ್ಕೆ 2, 50ರಿಂದ 59ಕ್ಕೆ 3, ಮುಂದಕ್ಕೆ 4. ಬೀಡಿ-ತಂಬಾಕು ನಿತ್ಯವಿದ್ದರೆ 2, ಆಗೀಗ ಇದ್ದರೆ ಅಥವಾ ಬಿಟ್ಟಿದ್ದರೆ 1. ನಿತ್ಯ ಮದ್ಯಕ್ಕೆ 1. ಗಂಡಸಿನ ಸೊಂಟದ ಸುತ್ತು 91ರಿಂದ 100 ಸೆಂಟಿಮೀಟರಾದರೆ 1, ಮೀರಿದರೆ 2. ಹೆಂಗಸರಿಗೆ 81ರಿಂದ 90ಕ್ಕೆ 1, ಮೀರಿದರೆ 2. ವಾರಕ್ಕೆ 150 ನಿಮಿಷದಷ್ಟು ಮೈಮುರಿಯುವ ಶ್ರಮವಿಲ್ಲದಿದ್ದರೆ 1. ಹೆತ್ತವರಲ್ಲೋ ಒಡಹುಟ್ಟಿದವರಲ್ಲೋ ರಕ್ತದೊತ್ತಡ, ಮಧುಮೇಹ, ಹೃದ್ರೋಗವಿದ್ದರೆ 2. ಕೂಡಿಸಿ 4ನ್ನು ಮೀರಿದರೆ ತಡಮಾಡದೆ ಆಸ್ಪತ್ರೆಗೆ.

ನಮ್ಮ ಭಟ್ಟರನ್ನು ಈ ಲೆಕ್ಕಕ್ಕೆ ಹಾಕಿ ನೋಡಿದೆವು. ಪ್ರಾಯಕ್ಕೆ 1, ದಿನಕ್ಕೊಂದು ಕಟ್ಟು ಬೀಡಿಗೆ 2. ಬಡಕಲು ಮೈ, ಬಿಡುವಿಲ್ಲದ ಶ್ರಮ, ಕುಡಿತವಿಲ್ಲ, ಅವುಗಳಿಗೆ ಸೊನ್ನೆ. ಅವರ ತಂದೆಯೂ ಹೃದಯ ನಿಂತು ತೀರಿಕೊಂಡವರೆಂಬುದು ನಮಗೆ ತಿಳಿದುದು ಉತ್ತರಕ್ರಿಯೆಗೆ ಊರಿಗೆ ಹೋದಾಗ. ಅದಕ್ಕೆ 2. ಒಟ್ಟು 5. ಜಗತ್ತಿನ ದೊಡ್ಡ ಪಟ್ಟಿಯಲ್ಲಿ ಮನೆಯೇ ಇಲ್ಲದ ಮೂವತ್ತೆಂಟರ ಮನುಷ್ಯನನ್ನು ಒಂದು ಅಳತೆಯ ಪಟ್ಟಿ ಮತ್ತು ಐದು ಪ್ರಶ್ನೆಗಳು ಹಿಡಿಯುತ್ತಿದ್ದವು. ಆದರೆ ಆಶಾ ಕಾರ್ಯಕರ್ತೆ ಹೋಗುವುದು ಸಂಸಾರವಿರುವ ಮನೆಗೆ. ಹೋಟೆಲಿನ ಅಟ್ಟದ ಮೇಲೆ ಎಂಟು ಮಂದಿ ಚಾಪೆ ಹಾಸುವ ಕೋಣೆ ಯಾವ ಮನೆಪಟ್ಟಿಯಲ್ಲಿದೆ? ಅವರ ರೇಷನ್ ಕಾರ್ಡು ಊರಿನಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ. ಊರಿನ ಆಶಾ ಬಂದು ಕೇಳುವಾಗ ಮನೆಯವರು ಮುಂಬಯಿಯಲ್ಲಿದ್ದಾರೆಂಬ ಉತ್ತರ. ಎರಡು ಕಡೆಯ ಲೆಕ್ಕದಿಂದಲೂ ಹೊರಗುಳಿದವರು ಇವರು.

ಆದಕಾರಣ ಹೊಸ ಸಂಹಿತೆಯ ತಪಾಸಣೆಯ ಮೇಲೆ ನಮ್ಮ ಕಣ್ಣು. ಅದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿಗೆ ಅನ್ವಯಿಸುವುದು. ನಾಲ್ಕು ಮೇಜಿನ ಚಾದಂಗಡಿಯವನು ಅದರ ಹೊರಗೆ. ನಲ್ವತ್ತರ ಗೆರೆಯೂ ಕಾಯಿದೆಯು ಹೇಳುವ ಕನಿಷ್ಠ ಮಿತಿ, ಅದಕ್ಕಿಂತ ಮೊದಲು ಮಾಡಿಸಬಾರದೆಂದು ಎಲ್ಲಿಯೂ ಇಲ್ಲ. ನಮ್ಮವರ ಹೋಟೆಲು ಮಾಲಕರ ಸಂಘಗಳು ಮೂವತ್ತಕ್ಕೇ ಪ್ರಾರಂಭಿಸಲಿ ಎಂಬುದು ನಮ್ಮ ಆಗ್ರಹ. ಮೂವತ್ತರಿಂದ ಸಿ-ಬ್ಯಾಕ್, ಜೊತೆಗೆ ರಕ್ತದೊತ್ತಡ ಮತ್ತು ಸಕ್ಕರೆ. ನಲ್ವತ್ತರಿಂದ ವಿಶ್ವ ಆರೋಗ್ಯ ಸಂಸ್ಥೆಯ ದಕ್ಷಿಣ ಏಷ್ಯದ ಪಟ್ಟಿ. ಅದಕ್ಕಿಂತ ಉತ್ತಮವಾದ ಲೆಕ್ಕ ಬರುವವರೆಗೆ ಕಾಯುತ್ತೇವೆಂಬುದು ಮಾಲಕರಿಗೆ ಅನುಕೂಲವಾದ ವಾದ. ನಾವೂ ಗಲ್ಲೆಯಲ್ಲಿ ಕುಳಿತಿದ್ದವರಾದುದರಿಂದ ಅದರ ರುಚಿ ಬಲ್ಲೆವು. ಯಾವ ಪಟ್ಟಿಯಾದರೂ ಒತ್ತಡ ಅಳೆಯುವ ಕ್ರಮ ಸರಿಯಿಲ್ಲದಿದ್ದರೆ ವ್ಯರ್ಥ: ಒಲೆಯ ಮುಂದಿನಿಂದ ಓಡಿ ಬಂದವನನ್ನು ಐದು ನಿಮಿಷ ಕುಳ್ಳಿರಿಸಿ, ಅರ್ಧ ತಾಸು ಬೀಡಿ-ಚಾ ಬಿಡಿಸಿ, ಎರಡು ಬಾರಿ ಅಳೆಯಬೇಕು. ಸಂಘಸಂಸ್ಥೆಗಳ ಶಿಬಿರಗಳಿಗೂ ಇದೇ ಮಾತು. ಶಾಲು-ಹಾರಗಳ ಖರ್ಚಿನಲ್ಲಿ ಬಣ್ಣದ ಹಾಳೆಗಳನ್ನು ಅಚ್ಚು ಹಾಕಿಸಿ, ಚೀಟಿಯಲ್ಲಿ ಒತ್ತಡದ ಅಂಕೆಯೊಡನೆ ಬಣ್ಣವನ್ನೂ ಮುಂದಿನ ಭೇಟಿಯ ತಾರೀಕನ್ನೂ ಬರೆಯಲಿ. ಆ ತಾರೀಕಿಗೆ ಬಾರದವನನ್ನು ಹುಡುಕಿಕೊಂಡು ಹೋಗುವ ಹೊಣೆ ಒಬ್ಬನ ಹೆಸರಿಗೆ ಇರಲಿ.

ಬರೆಯುವ ಮುನ್ನ ನಮ್ಮ ಲೆಕ್ಕವನ್ನೂ ಹಾಕಿಕೊಂಡೆವು. ವಯಸ್ಸು 47, ಅದಕ್ಕೆ 2. ಸಿಗರೇಟು ಬಿಟ್ಟು ಆರು ವರ್ಷ, 1. ಸೊಂಟ 96 ಸೆಂಟಿಮೀಟರು, 1. ಗಲ್ಲೆಯಿಂದ ಮೇಜಿಗೆ ಬಂದ ಮೇಲೆ ಶ್ರಮವೆಂಬುದಿಲ್ಲ, 1. ತಾಯಿಗೆ ಸಕ್ಕರೆ ಕಾಯಿಲೆ, 2. ಒಟ್ಟು 7. ಬರುವ ಸೋಮವಾರ ಬೆಳಿಗ್ಗೆ ಶಾಸ್ತ್ರಿನಗರದ ಮಹಾನಗರಪಾಲಿಕೆಯ ಆಸ್ಪತ್ರೆಯ ಸರದಿಯಲ್ಲಿ ನಾವು ನಿಲ್ಲುವೆವು. ನಮ್ಮ ಅಚ್ಚುಕೂಟದಲ್ಲಿ ಮೂವತ್ತು ದಾಟಿದ ಏಳು ಮಂದಿಯೂ ಜೊತೆಗೆ ಬರುವರು.